ಸೀಗಡಿಗೆ ಸೀಸಿಯಂ ಬಂತು: ಅದಕ್ಕೂ ಬೆಳಗಾವಿಯ ಗುಜರಿಗೂ ಏನು ಸಂಬಂಧ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು. ಇಂಡೋನೇಷ್ಯಾದಿಂದ ಬಂದ ಸೀಗಡಿಯಲ್ಲಿ ಸೀಸಿಯಂ-137 ಕಂಡಿದೆ, ಕೊಂಡವರು ತಿನ್ನಬೇಡಿ, ಎಸೆದುಬಿಡಿ ಅಂತ. ಸೀಸಿಯಂ-137 ವಿಕಿರಣ ಸೂಸುವ ವಸ್ತು, ಅಣು ರಿಯಾಕ್ಟರ್‌ನಲ್ಲಿ ಹುಟ್ಟುವಂಥದ್ದು. ಅದು ಸೀಗಡಿಗೆ ಹೇಗೆ ಬಂತು? ಸಮುದ್ರವೇ ಕೆಟ್ಟಿದೆಯಾ? ಫುಕುಶಿಮಾದ ನೀರು ಅಲ್ಲಿಯವರೆಗೆ ಹರಿಯಿತಾ? ಸುದ್ದಿ ಓದಿದವರಿಗೆ ಇಂಥ ಅನುಮಾನ ಬರುವುದು ಸಹಜ.

ಸಮುದ್ರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ತನಿಖೆ ಹೋಗಿ ನಿಂತದ್ದು ಜಕಾರ್ತಾದ ಪಶ್ಚಿಮಕ್ಕಿರುವ ಚಿಕಾಂಡೆ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಗುಜರಿ ಲೋಹ ಕರಗಿಸುವ ಒಂದು ಕಾರ್ಖಾನೆಯ ಮುಂದೆ. ಗುಜರಿಯ ಜೊತೆ ಸೀಸಿಯಂ ಕುಲುಮೆಗೆ ಹೋಗಿದೆ, ಅದರ ಧೂಳು ಗಾಳಿಯಲ್ಲಿ ಹರಡಿ ಸುತ್ತಲಿನ ಕಾರ್ಖಾನೆಗಳ ಮೇಲೆ ಕೂತಿದೆ, ಸೀಗಡಿ ಪ್ಯಾಕ್ ಮಾಡುವ ಕಾರ್ಖಾನೆಯೂ ಅದೇ ಪ್ರದೇಶದಲ್ಲಿತ್ತು ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಸೀಗಡಿಯಲ್ಲಿ ಸಿಕ್ಕ ಪ್ರಮಾಣ ಕಿಲೋಗೆ ಸುಮಾರು 68 ಬೆಕೆರೆಲ್ (ವಿಕಿರಣ ಅಳೆಯುವ ಮಾನ). ಅಮೆರಿಕ ಕ್ರಮ ಕೈಗೊಳ್ಳುವ ಮಿತಿ 1200. ಅಂದರೆ ತಿಂದವರಿಗೆ ಆಗುವ ಅಪಾಯ ತೀರಾ ಕಡಿಮೆ. ಆದರೂ ಒಂದು ದೇಶದ ರಫ್ತು ಅಲ್ಲಾಡಿತು.

ಈ ಸುದ್ದಿಯಲ್ಲಿ ಸೀಗಡಿ ತೆಗೆದುಬಿಡಿ. ಏನು ಉಳಿಯುತ್ತದೆ? ಗುಜರಿ, ಕುಲುಮೆ, ಒಂದು ಕೈಗಾರಿಕಾ ಪ್ರದೇಶ, ವಿದೇಶಕ್ಕೆ ಹೋಗುವ ಮಾಲು. ಇದೆಲ್ಲ ಬೆಳಗಾವಿಯ ಉದ್ಯಮಬಾಗ್‌ನಲ್ಲೂ ಇದೆ, ಮಚ್ಛೆಯಲ್ಲೂ ಇದೆ.

ಇಂಥ ವಸ್ತು ನಮ್ಮ ಕಡೆ ಎಲ್ಲಿರುತ್ತದೆ?

ವಿಕಿರಣ ಅಂದ ಕೂಡಲೇ ನಮಗೆ ಕೈಗಾ ನೆನಪಾಗುತ್ತದೆ. ಆದರೆ ವಿಕಿರಣ ಸೂಸುವ ಸಣ್ಣ ಸಣ್ಣ ಉಪಕರಣಗಳು ಮಾಮೂಲಿ ಕಾರ್ಖಾನೆಗಳಲ್ಲೂ ಕೆಲಸ ಮಾಡುತ್ತವೆ. ಬಾಗಲಕೋಟೆ ಜಿಲ್ಲೆಯ ಲೋಕಾಪುರ, ಮುದ್ದಾಪುರದ ಕಡೆ ಸುಣ್ಣದಕಲ್ಲು ಇದೆ, ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ತಯಾರಿಯಲ್ಲಿ ಬಿಸಿ ಪುಡಿ ಸೈಕ್ಲೋನ್ ಎಂಬ ದೊಡ್ಡ ದೊಡ್ಡ ಪಾತ್ರೆ‌ಗಳ ಮೂಲಕ ಇಳಿಯುತ್ತದೆ. ಒಳಗೆ ಕಟ್ಟಿಕೊಂಡಿದೆಯಾ ಇಲ್ಲವಾ ಅಂತ ಇಣುಕಿ ನೋಡುವ ಹಾಗಿಲ್ಲ, ಅಷ್ಟು ಬಿಸಿ. ಹಾಗಾಗಿ ಜಗತ್ತಿನ ಬಹಳ ಸಿಮೆಂಟ್ ಕಾರ್ಖಾನೆಗಳಲ್ಲಿ ಒಂದು ಬದಿಗೆ ಸೀಸಿಯಂ ಅಥವಾ ಕೋಬಾಲ್ಟ್ ಇರುವ ಗೇಜ್ (ಅಳತೆಯ ಉಪಕರಣ), ಎದುರು ಬದಿಗೆ ಒಂದು ಡಿಟೆಕ್ಟರ್ ಕೂರಿಸುತ್ತಾರೆ. ನಡುವೆ ಪುಡಿ ಕಟ್ಟಿಕೊಂಡರೆ ವಿಕಿರಣ ದಾಟುವುದು ಕಡಿಮೆಯಾಗುತ್ತದೆ, ಕಂಟ್ರೋಲ್ ರೂಮಿಗೆ ಗೊತ್ತಾಗುತ್ತದೆ. ಕಲ್ಲಿದ್ದಲು ಸುಡುವ ಸ್ಥಾವರಗಳಲ್ಲಿ, ಕಾಗದ ಮತ್ತು ಪ್ಲಾಸ್ಟಿಕ್ ಹಾಳೆ ಮಾಡುವ ಕಡೆಗಳಲ್ಲಿ, ಹಳೆಯ ಜವಳಿ ಮಿಲ್ಲುಗಳಲ್ಲಿ ಇದರ ಅಣ್ಣತಮ್ಮಂದಿರು ಸಿಗುತ್ತಾರೆ.

ಈ ಗೇಜ್ ನೋಡಲು ಹೇಗಿರುತ್ತದೆ? ಕೊಡದ ಗಾತ್ರದ ಒಂದು ಲೋಹದ ಗಡ್ಡೆ. ಒಳಗೆ ಸೀಸ ತುಂಬಿರುತ್ತದೆ, ಆದ್ದರಿಂದ ಗಾತ್ರಕ್ಕಿಂತ ಭಾರ ಜಾಸ್ತಿ. ಪಕ್ಕದಲ್ಲಿ ಷಟರ್ ತೆರೆದು ಮುಚ್ಚುವ ಹಿಡಿ. ಮೇಲೆ ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ಗುರುತು, ಒಂದು ಸಣ್ಣ ತಗಡಿನ ಮೇಲೆ ಸೀರಿಯಲ್ ನಂಬರ್. ಹತ್ತು ವರ್ಷ ಸಿಮೆಂಟ್ ಧೂಳು ಕೂತ ಮೇಲೆ ಆ ಹಳದಿಯೂ ಕಾಣುವುದಿಲ್ಲ, ನಂಬರೂ ಕಾಣುವುದಿಲ್ಲ.

ಇನ್ನೊಂದು ತರಹದ್ದು ಊರೂರು ತಿರುಗುತ್ತದೆ. ಎರಕದ ಒಳಗೆ ಗಾಳಿಗುಳ್ಳೆ ಇದೆಯಾ, ಪೈಪಿನ ಬೆಸುಗೆ ಗಟ್ಟಿಯಾಗಿದೆಯಾ ಅಂತ ನೋಡಲು ಇರಿಡಿಯಂ-192 ಇರುವ ರೇಡಿಯೋಗ್ರಫಿ ಕ್ಯಾಮೆರಾ ಬಳಸುತ್ತಾರೆ. ದಾಭೋಳದಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ ಬೆಳಗಾವಿ ಜಿಲ್ಲೆ ದಾಟಿಯೇ ಹೋಗಿದೆ. ಇಂಥ ಪೈಪ್‌ಲೈನ್ ಕೆಲಸದಲ್ಲಿ ಬೆಸುಗೆಯ ಫಿಲ್ಮ್ ತೆಗೆಯುವುದು ಸಾಮಾನ್ಯ. ಕ್ಯಾಮೆರಾದ ತೂಕ ಸುಮಾರು 20 ಕಿಲೋ, ಜೀಪಿನ ಹಿಂದೆ ಇಟ್ಟುಕೊಂಡು ಹೋಗುವಂಥದ್ದು. ಒಳಗಿನ ಇರಿಡಿಯಂ ತುಣುಕು ಮಾತ್ರ ಕೆಲವೇ ಮಿಲಿಮೀಟರ್.

‘ಕಡಿಮೆ ಮಟ್ಟ’ ಅನ್ನುವ ಮಾತಿನ ಗೊಂದಲ

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇವನ್ನೆಲ್ಲ ಐದು ವರ್ಗ ಮಾಡಿದೆ. ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಕೋಬಾಲ್ಟ್ ಯಂತ್ರ 1ನೇ ವರ್ಗ. ರೇಡಿಯೋಗ್ರಫಿ ಕ್ಯಾಮೆರಾ 2. ಶಕ್ತಿ ಜಾಸ್ತಿ ಇರುವ ಗೇಜ್ 3, ಕಡಿಮೆ ಇರುವುದು 4. ಪ್ರಯೋಗಾಲಯದ ಸಣ್ಣಪುಟ್ಟ ವಿಕಿರಣ ವಸ್ತುಗಳು, ಅಂದರೆ ಸೋರ್ಸ್‌ಗಳು 5. ಸುದ್ದಿಯಲ್ಲಿ ‘ಕಡಿಮೆ ಮಟ್ಟದ ಉಪಕರಣ ಕಳೆದಿದೆ’ ಅಂತ ಬಂದರೆ ಸಾಮಾನ್ಯವಾಗಿ ಕೊನೆಯ ಎರಡು ವರ್ಗದ್ದು ಎಂದು ತಿಳಿಯಬಹುದು. ಅವು ಮೈಗೆ ಶಾಶ್ವತ ಗಾಯ ಮಾಡುವ ಸಾಧ್ಯತೆ ಕಡಿಮೆ, ಅದು ನಿಜ.

ಆದರೆ ಆ ವರ್ಗೀಕರಣ ಹೇಳುವುದು ಒಂದೇ ಸಂಗತಿ: ವಸ್ತುವಿನ ಮೇಲೆ ಸರಿಯಾದ ನಿಗಾ ಇಲ್ಲದಿದ್ದರೆ ಮನುಷ್ಯನ ಮೈಗೆ ಎಷ್ಟು ಅಪಾಯ ಅಂತ. ಅದು ಕರಗಿದರೆ, ಒಡೆದು ಹರಡಿದರೆ ಎಷ್ಟು ಕೋಟಿ ಖರ್ಚು, ಎಷ್ಟು ಕಾರ್ಖಾನೆ ಬಂದ್, ಎಷ್ಟು ಮಾಲು ವಾಪಸ್ ಅನ್ನುವುದು ಆ ಸಂಖ್ಯೆಯೊಳಗೆ ಇಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಅಧಿಕಾರಿಗಳು ‘ಕಡಿಮೆ’ ಅಂದದ್ದು ಒಂದು ಅರ್ಥದಲ್ಲಿ, ಜನ ಕೇಳಿಸಿಕೊಂಡದ್ದು ‘ತಲೆ ಕೆಡಿಸಿಕೊಳ್ಳಬೇಡಿ’ ಅಂತ.

2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆದದ್ದನ್ನೇ ನೋಡಿ. ಗಣಿಯೊಂದರ ಗೇಜ್ ರಿಪೇರಿಗೆಂದು ಲಾರಿಯಲ್ಲಿ ಪರ್ತ್‌ಗೆ ಹೊರಟಿತು, ಸುಮಾರು 1,400 ಕಿಲೋಮೀಟರ್ ದಾರಿ. ದಾರಿಯ ಕುಲುಕಾಟಕ್ಕೆ ಗೇಜಿನ ಬೋಲ್ಟ್ ಸಡಿಲವಾಗಿ ಆ ತೂತಿನಿಂದಲೇ 8 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಸೀಸಿಯಂ ಕ್ಯಾಪ್ಸೂಲ್ ರಸ್ತೆಗೆ ಬಿದ್ದುಹೋಯಿತು. ಕಡಲೆಕಾಳಿನಷ್ಟು ದೊಡ್ಡದು ಅಷ್ಟೇ. ಅದರ ಶಕ್ತಿ 19 ಗಿಗಾಬೆಕೆರೆಲ್, ಅಂದರೆ 1,900 ಕೋಟಿ ಬೆಕೆರೆಲ್, ಲೆಕ್ಕ ಹಾಕಿದರೆ 4ನೇ ವರ್ಗ. ಆದರೂ ಅದರಿಂದ ಒಂದು ಮೀಟರ್ ದೂರದಲ್ಲಿ ಒಂದು ಗಂಟೆ ನಿಂತರೆ ಒಂದು ವರ್ಷದಲ್ಲಿ ಪ್ರಕೃತಿಯಿಂದ ಸಿಗುವಷ್ಟು ವಿಕಿರಣ ಹೆಚ್ಚುಕಮ್ಮಿ ಮೈಗೆ ತಾಗುತ್ತದೆ. ಜೇಬಿನಲ್ಲಿ ಇಟ್ಟುಕೊಂಡರೆ ಚರ್ಮವೇ ಸುಡುತ್ತದೆ. ಪೆಟ್ಟಿಗೆ ತೆರೆದು ನೋಡಿದ್ದು 25ರಂದು, ಅಂದರೆ ಹೊರಟು ಎರಡು ವಾರ ಆಗುತ್ತಾ ಬಂದಾಗ. ಸಿಕ್ಕಿದ್ದು ಫೆಬ್ರವರಿ 1ರಂದು, ರಸ್ತೆಯಿಂದ ಎರಡು ಮೀಟರ್ ಪಕ್ಕದಲ್ಲಿ.

ಅದು ಜನರಿಲ್ಲದ ಮರುಭೂಮಿಯ ದಾರಿ, ಅದೃಷ್ಟ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ-ಸಂಕೇಶ್ವರದ ನಡುವೆ ಬಿದ್ದಿದ್ದರೆ?

ಕುಲುಮೆಗೆ ಬಿದ್ದರೆ ಏನಾಗುತ್ತದೆ?

ಫೌಂಡ್ರಿಯವರು, ಅಂದರೆ ಲೋಹದ ಎರಕ ಹೊಯ್ಯುವವರು, ಗಮನ ಕೊಟ್ಟು ಓದಬೇಕಾದ ಭಾಗ ಇದು. ಎಲ್ಲ ವಿಕಿರಣ ವಸ್ತುಗಳೂ ಕುಲುಮೆಯಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಸೀಸಿಯಂ ಬಿಸಿಗೆ ಆವಿಯಾಗುತ್ತದೆ. ಕರಗಿದ ಕಬ್ಬಿಣದಲ್ಲಿ ಉಳಿಯುವುದಿಲ್ಲ, ಹೊಗೆಯ ಜೊತೆ ಮೇಲೆ ಹೋಗಿ ಧೂಳು ಹಿಡಿಯುವ ಚೀಲಗಳಲ್ಲಿ ಕೂರುತ್ತದೆ, ಚೀಲ ಸರಿ ಇಲ್ಲದಿದ್ದರೆ ಊರ ಮೇಲೆ. ಕೋಬಾಲ್ಟ್ ಇದಕ್ಕೆ ಉಲ್ಟಾ. ಅದು ಕಬ್ಬಿಣದ ಜೊತೆಯೇ ಬೆರೆತು ಎರಕದೊಳಗೆ ಸೇರಿಬಿಡುತ್ತದೆ, ಮಾಲು ಹೋದಲ್ಲೆಲ್ಲ ಹೋಗುತ್ತದೆ. ಅಮೆರಿಷಿಯಂ ಎಂಬ ಇನ್ನೊಂದು ವಿಕಿರಣ ವಸ್ತು ಮೇಲೆ ತೇಲುವ ಕಿಟ್ಟದಲ್ಲಿ ಉಳಿಯುತ್ತದೆ. ಆ ಕಿಟ್ಟವನ್ನು ನಾವು ತಗ್ಗು ತುಂಬಲು ಹಾಕುತ್ತೇವೆ.

1998ರಲ್ಲಿ ಸ್ಪೇನಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಗುಜರಿಯ ಜೊತೆ ಸೀಸಿಯಂ ಕರಗಿತು. ಕರಗುವಾಗ ಕಾರ್ಖಾನೆಗೆ ಗೊತ್ತಾಗಲಿಲ್ಲ. ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್‌ನ ಗಾಳಿ ಪರೀಕ್ಷಿಸುವ ಕೇಂದ್ರಗಳು ಏನೋ ಬಂದಿದೆ ಅಂದವು. ಜನರಿಗೆ ತೊಂದರೆ ಆಗಲಿಲ್ಲ. ಕಾರ್ಖಾನೆಗೆ ಸ್ವಚ್ಛತೆ, ನಿಂತ ಉತ್ಪಾದನೆ ಎಲ್ಲ ಸೇರಿ ಕೋಟಿಗಟ್ಟಲೆ ಡಾಲರ್ ಕೈಬಿಟ್ಟಿತು. ಕೋಬಾಲ್ಟಿನ ಕಥೆ ನಮ್ಮದೇ ದೇಶದ್ದು: 2008ರಲ್ಲಿ ಫ್ರಾನ್ಸ್‌ನಲ್ಲಿ ಲಿಫ್ಟಿನ ಬಟನ್‌ಗಳಲ್ಲಿ ಕೋಬಾಲ್ಟ್-60 ಸಿಕ್ಕಿತು, ಆ ಉಕ್ಕು ಹೋದದ್ದು ಭಾರತದಿಂದ. ಬೆಳಗಾವಿಯ ಎರಕಗಳು ವಾಹನ, ಪಂಪು, ವಾಲ್ವುಗಳಿಗೆ ಹೋಗುತ್ತವೆ, ಹೊರದೇಶಕ್ಕೂ ಹೋಗುತ್ತವೆ. ಹೊರಗಿನ ಬಂದರಿನಲ್ಲಿ ಒಂದು ಕಂಟೇನರ್ ಬೀಪ್ ಅಂದರೆ ಆ ಫೌಂಡ್ರಿಯೊಂದೇ ಅಲ್ಲ, ಊರಿನ ಹೆಸರಿಗೇ ಪೆಟ್ಟು ಬೀಳುತ್ತದೆ.

ಕಳೆಯುವುದು ಹೇಗೆ?

ಭಯೋತ್ಪಾದಕರು ಕದ್ದರು ಅನ್ನುವುದು ಸಿನಿಮಾ ಕಥೆ. ನಿಜದಲ್ಲಿ ಬಹಳ ಸಲ ಆಗುವುದು ಮರೆವಿನಿಂದ. ಗೇಜ್ ಹಾಕಿಸಿದ ಇಂಜಿನಿಯರ್ ಕೆಲಸ ಬಿಟ್ಟ. ಕಾರ್ಖಾನೆ ಕೈಬದಲಾಯಿತು. ಸಾಲ ಕಟ್ಟಲಾಗದೆ ಬಾಗಿಲು ಹಾಕಿತು, ಬ್ಯಾಂಕ್ ಜಪ್ತಿ ಮಾಡಿತು, ಹರಾಜಿನ ಪಟ್ಟಿಯಲ್ಲಿ ‘ಹಾಪರ್, ಕನ್ವೇಯರ್, ಇತರೆ ಯಂತ್ರಗಳು’ ಅಂತ ಬರೆದರು. ಆ ‘ಇತರೆ’ಯೊಳಗೆ ಗೇಜೂ ಹೋಯಿತು. ಹರಾಜು ಹಿಡಿದವನಿಗೆ ಬೇಕಾದದ್ದು ತೂಕ. ಒಳಗಿನ ಸೀಸಕ್ಕೆ ಕಬ್ಬಿಣಕ್ಕಿಂತ ಒಳ್ಳೆ ರೇಟು ಇದೆ. ಹಾಗಾಗಿ ಯಾವುದು ವಿಕಿರಣವನ್ನು ತಡೆದು ಕಾಪಾಡುತ್ತಿತ್ತೋ ಅದನ್ನೇ ಮೊದಲು ಒಡೆಯುತ್ತಾರೆ.

ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ಆದದ್ದು ಇದೇ, ದೊಡ್ಡ ಪ್ರಮಾಣದಲ್ಲಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1980ರ ದಶಕದಿಂದ ಬಳಸದೆ ಬಿದ್ದಿದ್ದ ಕೋಬಾಲ್ಟ್ ಯಂತ್ರವನ್ನು ಹರಾಜು ಹಾಕಿದರು. ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು. ಒಬ್ಬರು ಸತ್ತರು, ಹಲವರ ಮೈ ಸುಟ್ಟಿತು. ಯಾರೂ ಕದಿಯಲಿಲ್ಲ, ಯಾರೂ ದುರುದ್ದೇಶ ಇಟ್ಟುಕೊಂಡಿರಲಿಲ್ಲ. ಅದು ಏನು ಅಂತ ಕಾಗದದಲ್ಲಿ ಉಳಿದಿರಲಿಲ್ಲ, ಅಷ್ಟೇ.

ಸಾಗಾಟದಲ್ಲೂ ಕಳೆಯುತ್ತದೆ. 1993ರಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ವರದಿಯಾದ ಕಳ್ಳತನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಡೆದದ್ದು ದಾರಿಯಲ್ಲಿ. ಕಳ್ಳನಿಗೆ ಬೇಕಾದದ್ದು ಹೆಚ್ಚಾಗಿ ಗಾಡಿ, ಪೆಟ್ಟಿಗೆ ಅದರ ಜೊತೆ ಹೋಗುತ್ತದೆ.

ಲೆಕ್ಕ ಇಡುವವರು ಯಾರು?

ನಮ್ಮಲ್ಲಿ ಇದರ ಹೊಣೆ ಮುಂಬೈನಲ್ಲಿರುವ ಅಣುಶಕ್ತಿ ನಿಯಂತ್ರಣ ಮಂಡಳಿಯದ್ದು, ಚಿಕ್ಕದಾಗಿ ಎಇಆರ್‌ಬಿ. 1983ರಲ್ಲಿ ಶುರುವಾದದ್ದು. 2004ರ ವಿಕಿರಣ ರಕ್ಷಣಾ ನಿಯಮಗಳಿವೆ. ಸೋರ್ಸ್ ಕೊಳ್ಳಬೇಕಾದರೆ ಅನುಮತಿ, ಕಾರ್ಖಾನೆಯಲ್ಲಿ ಒಬ್ಬ ವಿಕಿರಣ ಸುರಕ್ಷತಾ ಅಧಿಕಾರಿ, ಬಳಸಿ ಮುಗಿದ ಮೇಲೆ ಗುಜರಿಗೆ ಹಾಕುವ ಹಾಗಿಲ್ಲ, ಕೊಟ್ಟವರಿಗೇ ವಾಪಸ್ ಅಥವಾ ಒಪ್ಪಿಗೆ ಇರುವ ವಿಲೇವಾರಿ ಕೇಂದ್ರಕ್ಕೆ. ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಕೊಂಡ ದಿನದಿಂದ ವಿಲೇವಾರಿವರೆಗೆ ದಾಖಲೆ. ಕಳೆದರೆ ಮಂಡಳಿಗೂ ಪೊಲೀಸರಿಗೂ ಕೂಡಲೇ ತಿಳಿಸಬೇಕು.

ಒಳ್ಳೆಯ ವ್ಯವಸ್ಥೆಯೇ. ಆದರೆ ಇದು ನಿಂತಿರುವುದು ಬಹುಪಾಲು ಮಾಲೀಕನ ಕೈಯಲ್ಲಿ. ಅವನು ‘ಇದೆ’ ಅಂತ ತುಂಬಿದರೆ ಇದೆ. ಮುಂಬೈನಲ್ಲಿ ಕೂತ ಕಂಪ್ಯೂಟರಿಗೆ ಬಾಗಲಕೋಟೆಯ ಗೇಜ್ ಕಾಣುವುದಿಲ್ಲ. ಮಾಲೀಕನೇ ದಿವಾಳಿಯಾಗಿ ಊರು ಬಿಟ್ಟಿದ್ದರೆ ತುಂಬುವವರೇ ಇಲ್ಲ. ಇನ್ನು ಇ-ಲೋರಾ ಬರುವ ಮೊದಲೇ ಮೂಲೆಗೆ ಬಿದ್ದ ಹಳೆಯ ಸಾಮಾನು ಇರುವ ಕಡೆ ಕಾಗದವೇ ಸಿಗದಿರಬಹುದು, ಮಾಯಾಪುರಿಯ ಯಂತ್ರದ ಹಾಗೆ.

ಎಲ್ಲವನ್ನೂ ಹಿಂಬಾಲಿಸಬೇಕಾ?

ಇಲ್ಲಿಂದ ಭಿನ್ನಾಭಿಪ್ರಾಯ ಶುರು. ಒಂದು ಕಡೆಯವರ ವಾದ: ಐದೂ ವರ್ಗದ ಪ್ರತಿ ಸೋರ್ಸಿಗೂ ನಂಬರ್, ಸಾಗಿಸುವಾಗ ಜಿಪಿಎಸ್, ಕಳೆದರೆ ಗಂಟೆಯೊಳಗೆ ಸುದ್ದಿ. ಇನ್ನೊಂದು ಕಡೆಯವರು ಹೇಳುವುದು: ಸಣ್ಣದರ ಹಿಂದೆ ಓಡಿದರೆ ದೊಡ್ಡದು ತಪ್ಪಿಸಿಕೊಳ್ಳುತ್ತದೆ. ಈ ಮಾತಿನಲ್ಲೂ ಸತ್ಯ ಇದೆ. ಅಮೆರಿಕದ ರಾಷ್ಟ್ರೀಯ ಸೋರ್ಸ್ ಪಟ್ಟಿ 2009ರಲ್ಲಿ ಶುರುವಾದಾಗ 1 ಮತ್ತು 2ನೇ ವರ್ಗಕ್ಕೆ ಮಾತ್ರ ಇತ್ತು. ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿನ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಟ್ರಿಟಿಯಂ ಎಂಬ ವಿಕಿರಣ ಅನಿಲ ಹಾಕಿದ ‘ಎಕ್ಸಿಟ್’ ಬೋರ್ಡುಗಳು 15,000ಕ್ಕೂ ಜಾಸ್ತಿ ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ ಗೊತ್ತಾಗಿತ್ತು. ಒಂದೊಂದು ಬೋರ್ಡಿನಿಂದ ಅಪಾಯ ಅಷ್ಟಕ್ಕಷ್ಟೇ. ಎಲ್ಲವನ್ನೂ ಹುಡುಕುತ್ತಾ ಹೋಗುವುದು ಆಗುವ ಕೆಲಸವಾ?

ವಿಕಿರಣ ಎಷ್ಟು ಕಾಲ ಉಳಿಯುತ್ತದೆ ಅನ್ನುವುದೂ ನೋಡಬೇಕು. ಇರಿಡಿಯಂ-192 ಪ್ರತಿ 74 ದಿನಕ್ಕೆ ಅರ್ಧವಾಗುತ್ತದೆ, ಎರಡು ವರ್ಷದಲ್ಲಿ ಸಾವಿರದಲ್ಲೊಂದು ಭಾಗ ಉಳಿಯುತ್ತದೆ. ಸೀಸಿಯಂ ಅರ್ಧವಾಗಲು 30 ವರ್ಷ. ಅಮೆರಿಷಿಯಂಗೆ 432 ವರ್ಷ. ಇಂದು 4ನೇ ವರ್ಗದ ಸೀಸಿಯಂ ಗೇಜ್ ಕಳೆದರೆ ಅದು ಮೊಮ್ಮಕ್ಕಳ ಕಾಲಕ್ಕೂ ಗುಜರಿಯಲ್ಲಿ ಎದುರಾಗಬಹುದು.

ಆದ್ದರಿಂದ ವರ್ಗವೊಂದನ್ನೇ ನೋಡಿ ನಿರ್ಧರಿಸುವುದು ತಪ್ಪು ಅನ್ನಿಸುತ್ತದೆ. ಕುಲುಮೆಗೆ ಹೋಗುವ ಸಾಧ್ಯತೆ ಇರುವ, ಲೋಹದ ಕವಚ ಇರುವ, ದೀರ್ಘ ಕಾಲ ಉಳಿಯುವ ಸೋರ್ಸುಗಳು 4ನೇ ವರ್ಗದ್ದಾದರೂ ದೊಡ್ಡವುಗಳ ಜೊತೆಯೇ ಲೆಕ್ಕಕ್ಕೆ ಬರಬೇಕು. ಅವಧಿಯ ವಿಷಯವೂ ಇದೆ. ಅಮೆರಿಕದ ನಿಯಮದಲ್ಲಿ ದೊಡ್ಡ ಪ್ರಮಾಣ ಕಳೆದರೆ ಕೂಡಲೇ ಫೋನ್ ಮಾಡಬೇಕು, ಸಣ್ಣ ಪ್ರಮಾಣಕ್ಕೆ 30 ದಿನದವರೆಗೆ ಸಮಯ ಇದೆ. ಕಾಗದದ ಮೇಲೆ 30 ದಿನ ಕಡಿಮೆ ಅನ್ನಿಸಬಹುದು. ಆದರೆ ಗುಜರಿ ಮಾಲು ಒಂದು ವಾರ ಸುಮ್ನೆ ಕೂರುವುದಿಲ್ಲ. ತಳ್ಳುಗಾಡಿಯಿಂದ ಸಣ್ಣ ಅಂಗಡಿ, ಅಲ್ಲಿಂದ ದೊಡ್ಡ ಯಾರ್ಡ್, ಅಲ್ಲಿಂದ ಲಾರಿ, ಅಲ್ಲಿಂದ ಕುಲುಮೆ. ಥಾಯ್ಲೆಂಡಿನಲ್ಲಿ 2023ರ ಮಾರ್ಚ್ 10ರಂದು ಒಂದು ವಿದ್ಯುತ್ ಸ್ಥಾವರ ಸೀಸಿಯಂ ಸಿಲಿಂಡರ್ ಕಾಣುತ್ತಿಲ್ಲ ಅಂತ ದೂರು ಕೊಟ್ಟಿತು. ಹತ್ತು ದಿನ ಕಳೆಯುವಷ್ಟರಲ್ಲಿ ಉಕ್ಕು ಕರಗಿಸುವ ಕಾರ್ಖಾನೆಯೊಂದರ ಧೂಳಿನಲ್ಲಿ ಸೀಸಿಯಂ ಸಿಕ್ಕಿತ್ತು.

ಶಿಕ್ಷೆ ಜಾಸ್ತಿ ಮಾಡಿದರೆ ಹೇಳುತ್ತಾರಾ?

ಆಸ್ಟ್ರೇಲಿಯಾದ ಘಟನೆ ಆದಾಗ ಅಲ್ಲಿ ಗರಿಷ್ಠ ದಂಡ ಸಾವಿರ ಡಾಲರ್ ಅಷ್ಟೇ ಇತ್ತು. ಜನ ರೇಗಿದರು, ಸಹಜ. ಆದರೆ ಭಾರಿ ದಂಡ, ಲೈಸೆನ್ಸ್ ರದ್ದು ಅಂತ ಬರೀ ಹೆದರಿಸಿದರೆ ಏನಾಗುತ್ತದೆ? ರೇಡಿಯೋಗ್ರಫಿ ಕ್ಯಾಮೆರಾ ಕಳೆದ ಗುತ್ತಿಗೆದಾರ ಮೊದಲು ತಾನೇ ಹುಡುಕಲು ನೋಡುತ್ತಾನೆ. ಎರಡು ದಿನ, ನಾಲ್ಕು ದಿನ, ‘ಸಿಕ್ಕೇ ಸಿಗುತ್ತದೆ ಬಿಡಿ’ ಅಂತ. ಅಪಾಯ ಬೆಳೆಯುವುದು ಆ ನಾಲ್ಕು ದಿನದಲ್ಲಿ. ದಂಡ ಇಲ್ಲದಿದ್ದರೆ ಲೆಕ್ಕವನ್ನೇ ಇಡುವುದಿಲ್ಲ, ಜಾಸ್ತಿ ಇದ್ದರೆ ಬಚ್ಚಿಡುತ್ತಾರೆ.

ಹಾಗಾಗಿ ಎರಡನ್ನೂ ಬೇರೆ ಮಾಡಬೇಕು. ಕಳೆದದ್ದಕ್ಕೆ ಒಂದು ಮಟ್ಟದ ಕ್ರಮ, ಮುಚ್ಚಿಟ್ಟದ್ದಕ್ಕೆ ಅದಕ್ಕಿಂತ ಬಹಳ ದೊಡ್ಡದು. ಮೊದಲ ದಿನವೇ ಬಂದು ಹೇಳಿದವನಿಗೆ ಅದರ ಲಾಭ ಕಾಣಬೇಕು. ಗುಜರಿಯವನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ನಮ್ಮ ಕಡೆ ‘ಭಂಗಾರ ಅಂಗಡಿ’ ಅನ್ನುತ್ತೇವಲ್ಲ, ಅಲ್ಲಿ ಕೂತವನಿಗೆ ಪೊಲೀಸ್ ಅಂದರೆ ಕಳವು ಮಾಲಿನ ಕೇಸು. ಅನುಮಾನದ ಸಾಮಾನು ಬಂದರೆ ಫೋನ್ ಮಾಡುವ ಬದಲು ರಾತ್ರೋರಾತ್ರಿ ದಾಟಿಸಿಬಿಡುವುದೇ ಅವನಿಗೆ ಕ್ಷೇಮ ಅನ್ನಿಸಿದರೆ ತಪ್ಪು ಅವನೊಬ್ಬನದ್ದಲ್ಲ. ತಾನಾಗಿ ತಿಳಿಸಿದವನ ಮೇಲೆ ಕೇಸಿಲ್ಲ, ಆ ಮಾಲಿನ ಬೆಲೆಯೂ ಕೊಡುತ್ತೇವೆ ಅಂತ ಜಿಲ್ಲಾಡಳಿತ ಹೇಳಿದರೆ ಲೆಕ್ಕವೇ ಬದಲಾಗುತ್ತದೆ.

ಊರಿಗೆಲ್ಲ ಸಾರಬೇಕಾ?

ಸಾರಿದರೆ ಗಾಬರಿ, ಸಾರದಿದ್ದರೆ ಯಾರಾದರೂ ಮನೆಗೆ ಒಯ್ಯುತ್ತಾರೆ. ಅಧಿಕಾರಿಗಳ ಸಂಕಟ ಅರ್ಥವಾಗುವಂಥದ್ದು. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಅಕ್ಕಿ ಸೆಳೆಯುವ ತಾಮ್ರದ ಚೊಂಬು, ಅದರಲ್ಲಿ ಇರಿಡಿಯಂ ಇದೆ, ಕೋಟಿಗಟ್ಟಲೆ ಬೆಲೆ ಅಂತ ನಂಬಿಸುವ ‘ರೈಸ್ ಪುಲ್ಲರ್’ ಮೋಸ ಕರ್ನಾಟಕದಲ್ಲಿ ಎಷ್ಟೋ ಮನೆ ಹಾಳು ಮಾಡಿದೆ. 2024ರಲ್ಲಿ ಬಿಹಾರದ ಗೋಪಾಲ್‌ಗಂಜ್‌ನಲ್ಲಿ 850 ಕೋಟಿಯ ಕ್ಯಾಲಿಫೋರ್ನಿಯಂ ಎಂಬ ವಿಕಿರಣ ವಸ್ತು ಸಿಕ್ಕಿತು ಅಂತ ದೊಡ್ಡ ಸುದ್ದಿಯಾಯಿತು, ಪರೀಕ್ಷೆಯಲ್ಲಿ ವಿಕಿರಣವೇ ಇರಲಿಲ್ಲ. ಇಂಥ ಕಡೆ ‘ಇರಿಡಿಯಂ ಕ್ಯಾಮೆರಾ ಕಳೆದಿದೆ’ ಅಂತ ಬರೀ ಎರಡು ಸಾಲು ಪ್ರಕಟಿಸಿದರೆ ಹೆದರುವವರಿಗಿಂತ ಹುಡುಕಲು ಹೊರಡುವವರೇ ಜಾಸ್ತಿ ಆಗಬಹುದು.

ಆದ್ದರಿಂದ ಏನು ಹೇಳುತ್ತೇವೆ ಅನ್ನುವುದು ಮುಖ್ಯ. ವಸ್ತುವಿನ ಫೋಟೋ ಇರಬೇಕು. ಇದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ, ಕೈಯಲ್ಲಿ ಹಿಡಿದರೆ ಬೆರಳು ಹೋಗಬಹುದು ಅಂತ ಬಿಡಿಸಿ ಹೇಳಬೇಕು. ಆಸ್ಟ್ರೇಲಿಯಾದವರು ಕ್ಯಾಪ್ಸೂಲಿನ ಗಾತ್ರವನ್ನು ನಾಣ್ಯದ ಪಕ್ಕ ಇಟ್ಟ ಚಿತ್ರದಲ್ಲಿ ತೋರಿಸಿದರು. ನಮ್ಮಲ್ಲೂ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರಬೇಕು. ಭಂಗಾರ ಅಂಗಡಿಗಳಲ್ಲಿ ಈ ಮೂರೂ ಭಾಷೆ ನಡೆಯುತ್ತವೆ.

ಗೇಟಿನಲ್ಲಿ ಹಿಡಿಯುವುದು

ಹೊರದೇಶದಿಂದ ಬರುವ ಗುಜರಿಗೆ ಸಾಮಾನ್ಯವಾಗಿ ವಿಕಿರಣ ಇಲ್ಲ ಅನ್ನುವ ತಪಾಸಣೆ ಪ್ರಮಾಣಪತ್ರ ಬೇಕು, ಹಲವು ಬಂದರುಗಳಲ್ಲಿ ಮಾನಿಟರ್‌ಗಳಿವೆ. ದೇಶದೊಳಗೇ ಹುಟ್ಟುವ ಗುಜರಿಗೆ ಅಂಥ ಬಾಗಿಲು ಇಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳು ತಮ್ಮ ಗೇಟಿನಲ್ಲಿ ಲಾರಿ ದಾಟುವಾಗಲೇ ಅಳೆಯುವ ಯಂತ್ರ ಹಾಕಿಕೊಳ್ಳುತ್ತವೆ. ಸಣ್ಣ ಫೌಂಡ್ರಿಗೆ ಅದು ಭಾರ. ಒಬ್ಬೊಬ್ಬರೇ ಹಾಕಿಸಿ ಅಂದರೆ ಯಾರೂ ಹಾಕಿಸುವುದಿಲ್ಲ. ಆದರೆ ಕೈಗಾರಿಕಾ ಪ್ರದೇಶದ ತೂಕದ ಸೇತುವೆ (ವೇಬ್ರಿಡ್ಜ್) ಇರುತ್ತದಲ್ಲ, ಲಾರಿಗಳು ಹೇಗೂ ಅಲ್ಲಿ ನಿಲ್ಲುತ್ತವೆ. ಅಲ್ಲೊಂದು ಯಂತ್ರ, ಫೌಂಡ್ರಿಗಳೆಲ್ಲ ಸೇರಿ ಹಂಚಿಕೊಂಡ ಖರ್ಚು, ಜೊತೆಗೆ ಯಾರ್ಡುಗಳಿಗೆ ಕೈಯಲ್ಲಿ ಹಿಡಿಯುವ ಒಂದೆರಡು ಮೀಟರ್. ಬ್ಯಾಂಕುಗಳು ಮುಚ್ಚಿದ ಕಾರ್ಖಾನೆಯನ್ನು ಹರಾಜಿಗೆ ಇಡುವ ಮೊದಲು ಒಮ್ಮೆ ಅದೇ ಮೀಟರ್ ಹಿಡಿದು ಸುತ್ತು ಹಾಕಿಸಬೇಕು. ಮಾಲೀಕ ಹೇಳಲಿ ಬಿಡಲಿ, ಇಲ್ಲಿ ವಸ್ತುವೇ ತಾನು ಇದ್ದೇನೆ ಅಂತ ಹೇಳುತ್ತದೆ.

ಸಿಕ್ಕರೆ ಏನು ಮಾಡಬೇಕು?

ಮುಟ್ಟಬೇಡಿ, ಒಡೆಯಬೇಡಿ, ದೂರ ಸರಿಯಿರಿ. ದೂರಕ್ಕೆ ಬಹಳ ಬೆಲೆ ಇದೆ: ಹತ್ತು ಸೆಂಟಿಮೀಟರ್‌ನಲ್ಲಿ ಇರುವ ವಿಕಿರಣ ಒಂದು ಮೀಟರಿಗೆ ಬಂದರೆ ನೂರನೇ ಒಂದು ಭಾಗ, ಹತ್ತು ಮೀಟರಿಗೆ ಹತ್ತು ಸಾವಿರದಲ್ಲಿ ಒಂದು. ಬೇರೆಯವರು, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಂಡು 112ಕ್ಕೆ ಫೋನ್ ಮಾಡಿ. ಪೊಲೀಸರೂ ಅದನ್ನು ಠಾಣೆಗೆ ಎತ್ತಿಕೊಂಡು ಹೋಗಬಾರದು, ಜಾಗಕ್ಕೆ ಹಗ್ಗ ಕಟ್ಟಿ ಎಇಆರ್‌ಬಿಗೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಮೊದಲೇ ಮುಟ್ಟಿದ್ದರೆ ಕೈ ತೊಳೆದುಕೊಳ್ಳಿ, ಬಟ್ಟೆ ಬದಲಿಸಿ ಬೇರೆ ಕಡೆ ಇಡಿ, ಡಾಕ್ಟರಿಗೆ ಇಂಥದ್ದನ್ನು ಮುಟ್ಟಿದ್ದೆ ಅಂತ ಬಾಯಿಬಿಟ್ಟು ಹೇಳಿ. ವಿಕಿರಣದ ಸುಟ್ಟಗಾಯ ಅದೇ ದಿನ ಕಾಣುವುದಿಲ್ಲ, ಕೆಲವು ದಿನ, ವಾರ ಬಿಟ್ಟು ಬರಬಹುದು, ಆಗ ಯಾರಿಗೂ ಕಾರಣ ಹೊಳೆಯುವುದಿಲ್ಲ.

ದೂರದಿಂದಲೇ ಮೊಬೈಲ್ ಝೂಮ್ ಮಾಡಿ ಆ ಸಣ್ಣ ತಗಡಿನ ಫೋಟೋ ತೆಗೆಯಲು ಆದರೆ ತೆಗೆಯಿರಿ. ಅದರ ಮೇಲಿನ ನಂಬರ್ ದಾಖಲೆಯಲ್ಲಿದ್ದರೆ ಅದು ಯಾವ ಕಾರ್ಖಾನೆಯದ್ದು, ಯಾವ ವರ್ಷ ಕೊಂಡದ್ದು, ಒಳಗೆ ಇವತ್ತಿಗೆ ಎಷ್ಟು ಶಕ್ತಿ ಉಳಿದಿದೆ ಅಂತ ಮುಂಬೈನಲ್ಲಿ ಕೂತವರು ಹೇಳಬಲ್ಲರು.